ಕಾರಿನ ಕೊಸರು

ನನಗೆ ಕೊಸರೆಂದರೆ ಅನುಮಾನ. ಸೊಪ್ಪಿನವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಒಳಗೆ ಕೊಳೆತದ್ದೇನೋ ಇರಬೇಕೆಂದು ಕಟ್ಟು ಬಿಚ್ಚಿ ನೋಡುವವಳು ನಾನು. ನಮ್ಮವರು ಹಾಗಲ್ಲ. ಮುಳಬಾಗಿಲಿನಲ್ಲಿ ತರಕಾರಿ ಬೆಳೆಯುವ ಮನೆ; ತಕ್ಕಡಿಯ ಪಕ್ಕದಲ್ಲೇ ಬೆಳೆದವರು. ತೂಗಿದ ಮೇಲೆ ಎರಡು ಕಾಯಿ ಎತ್ತಿ ಹಾಕದ ವ್ಯಾಪಾರ ವ್ಯಾಪಾರವೇ ಅಲ್ಲ ಎಂಬುದು ಅವರ ವೇದಾಂತ.

ಎಂಬತ್ತರ ದಶಕದ ಒಂದು ಭಾನುವಾರ ಈ ವೇದಾಂತ ನಮ್ಮ ಹಳೆಯ ಕಾರಿನ ಅಡಿಗೆ ಹೋಯಿತು. ಗೇರು ಹಾಕಿದಾಗಲೆಲ್ಲ ಕಾರಿನ ಹೊಟ್ಟೆಯಲ್ಲಿ ಯಾರೋ ಸೌಟು ಬಡಿದಂತೆ ಸದ್ದು. ಎಂಜಿನ್ನಿನ ತಿರುವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟಿಗೆ ಒಂದು ಕೀಲು ಇರುತ್ತದಂತೆ, ಯೂನಿವರ್ಸಲ್ ಜಾಯಿಂಟು, ಅದು ಸವೆದಿತ್ತು. ಮರುದಿನ ಬೆಳಿಗ್ಗೆಯೇ ಬೈರಕೂರಿನಿಂದ ನಾದಿನಿಯನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕು. ಗ್ಯಾರೇಜಿನವರು ಹೊಸದನ್ನು ತೋರಿಸಿ ಹಳೆಯದನ್ನೇ ಹಾಕುತ್ತಾರೆಂದು ಇವರಿಗೆ ಗುಮಾನಿ. ಕೋಲಾರದಿಂದ ಜಾಯಿಂಟು ತಂದು, ಅಂಗಳದಲ್ಲಿ ಗೋಣಿಚೀಲ ಹಾಸಿ, ತಾವೇ ಕಾರಿನಡಿ ಮಲಗಿದರು. ಇವರ ಮೇಲೆ ಗುಮಾನಿ ಪಡಲು ಒಬ್ಬರು ಬೇಕಲ್ಲ? ಆ ಕೆಲಸ ನನ್ನ ಪಾಲಿಗೆ ಬಂತು.

ಹೊಸ ಜಾಯಿಂಟು ಮುದ್ದಾಗಿತ್ತು. ಕೂಡುವ ಲೆಕ್ಕದ ಗುರುತಿನಂಥ ಉಕ್ಕಿನ ತುಂಡು, ಅದರ ನಾಲ್ಕು ತುದಿಗೂ ಆಟದ ಸಾಮಾನಿನಷ್ಟು ಪುಟ್ಟ ಬಟ್ಟಲು. ಬಟ್ಟಲಿನ ಒಳಗೋಡೆಗೆ ಗ್ರೀಸಿನಲ್ಲಿ ಅಂಟಿ ನಿಂತ ಸೂಜಿಯಂಥ ಕಡ್ಡಿಗಳು. ಬಟ್ಟಲು ಹೊರಗೆ ಜಾರದಂತೆ ಒಂದೊಂದಕ್ಕೂ ಒಂದು ಲಾಕು, ಒಡೆದ ಬಳೆಯ ಹಾಗೆ ಬಾಯಿಬಿಟ್ಟ ಉಂಗುರ. ಓಡುವಾಗ ಬಟ್ಟಲು ಜಾರಿದರೆ ಶಾಫ್ಟೇ ಕಳಚಿ ರಸ್ತೆಗೆ ಬೀಳುತ್ತದೆ ಎಂದು ಇವರೇ ನನಗೆ ಪಾಠ ಹೇಳಿದ್ದರು.

ಕಡೆಯ ಬಟ್ಟಲು ಬಹಳ ಹಟ ಮಾಡಿತು. ಸುತ್ತಿಗೆಯ ಸದ್ದು ಅಡಿಗೆಮನೆಯವರೆಗೂ ಕೇಳಿಸಿತು. ಆಮೇಲೆ ಇವರು ಎದ್ದು ಬಂದು ಕಾಫಿ ಕೇಳಿದರು. ಲೋಟ ಕೊಡಲು ಹೋದವಳಿಗೆ ಕಲ್ಲುಚಪ್ಪಡಿಯ ಮೇಲೆ ಹೊಳೆಯುವ ಹೊಸ ಲಾಕೊಂದು ಕಂಡಿತು.

"ರೀ, ಇದು?"

"ಅದಾ? ಕೊಸರು ಕಣೇ. ಗುರುತಿನೋರು ಅಂತ ಒಂದು ಜಾಸ್ತಿ ಹಾಕವ್ನೆ."

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಏಮ್ರಾ, ಅಂಗಡಿಯೋನು ನಿಂಗೆ ಜಾಯಿಂಟು ಕೊಟ್ನಾ, ಬದನೇಕಾಯಿ ಕೊಟ್ನಾ?"

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಎಲ್ಲ ಸೂಜಿಗಳೂ ಮೆತ್ತೆಗೆ ಮರಳುವವರೆಗೆ ಒಬ್ಬ ಹುಡುಗಿಯನ್ನೂ ಬೆಂಚಿನಿಂದ ಏಳಗೊಡುತ್ತಿರಲಿಲ್ಲ. ನಂಬಿಕೆಯ ಬಗ್ಗೆ ಅವರು ಹೇಳಿಕೊಟ್ಟದ್ದೆಲ್ಲ ಮರೆತಿದೆ, ಇದೊಂದು ಉಳಿದಿದೆ. ಜಗಳವಾಡಲಿಲ್ಲ. ಲಾಕನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ನಾಳೆ ನಾನೂ ಬರ್ತೀನಿ. ಬಸುರಿ ಹೆಂಗಸು ಕೂತಿರೋ ಗಾಡಿ, ದಾರೀಲಿ ಈ ಲಾಕು ಬೇಕಾಗ್ಬೋದು."

ಇವರು ಅರ್ಧ ಕಾಫಿಗೇ ಲೋಟ ಕೆಳಗಿಟ್ಟರು. ಕಾಫಿಯನ್ನು ಅರ್ಧಕ್ಕೆ ಬಿಡುವವರಲ್ಲ. ಮತ್ತೆ ಕಾರಿನಡಿ ತೂರಿದರು.

ಶಾಫ್ಟು ಇಳಿಯಿತು, ಬಟ್ಟಲು ಹೊರಬಂತು. ಒಂದು ಸೂಜಿಕಡ್ಡಿ ಗೋಡೆ ಬಿಟ್ಟು ಜಾರಿ, ಬಟ್ಟಲಿನ ತಳದಲ್ಲಿ ಮಲಗಿತ್ತು, ಯಾರಿಗೂ ಕಾಲು ಚಾಚಲು ಬಿಡದೆ ಚಾಪೆಗೆ ಅಡ್ಡಲಾಗಿ ಮಲಗುವ ಮಗುವಿನ ಹಾಗೆ. ಹಾಗಾಗಿ ಬಟ್ಟಲು ಪೂರ್ತಿ ಒಳಗೆ ಹೋಗಿರಲಿಲ್ಲ, ಲಾಕಿಗೆ ಜಾಗವೂ ಸಿಕ್ಕಿರಲಿಲ್ಲ. ಕಡ್ಡಿ ಮುರಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಗ್ರೀಸು ಮೆತ್ತಿ ನಿಲ್ಲಿಸಿದರು. ಈ ಸಲ ಬಟ್ಟಲು ಮಾತು ಕೇಳಿತು. ಕಾರಿನಡಿಯಿಂದ ಮಸಿಗೈಯೊಂದು ಹೊರಬಂದು ಬಿಚ್ಚಿಕೊಂಡಿತು. ಸೆರಗಿನ ಗಂಟು ಬಿಚ್ಚಿ ಲಾಕು ಇಟ್ಟೆ.

ಮರುದಿನ ಬೈರಕೂರಿನಿಂದ ಮರಳುವಾಗ ನಾದಿನಿಗೆ ಅಚ್ಚರಿ. "ಅಣ್ಣಾ, ಸದ್ದೇ ಇಲ್ವಲ್ಲೋ! ಏನ್ ಹಾಕ್ದೆ?"

"ನಿಮ್ಮತ್ತಿಗೆಯ ಅನುಮಾನ ಹಾಕಿದೀನಿ ಕಣೇ. ಗ್ರೀಸಿಗಿಂತ ವಾಸಿ."

ಸದ್ದಿಲ್ಲವೆಂಬುದೂ ನನಗೆ ಅನುಮಾನವೇ ಆಗಿ, ಮನೆ ತಲುಪುವವರೆಗೆ ಕಿವಿಯನ್ನು ಕಾಲಡಿಯ ತಗಡಿಗೇ ಕೊಟ್ಟು ಕೂತಿದ್ದೆ.

ಆ ತಿಂಗಳ ಕೊನೆಗೆ ನಾದಿನಿಗೆ ಹೆರಿಗೆಯಾಯಿತು. ಒಂದು ಹೆಣ್ಣು, ಹಿಂದೆಯೇ, ಯಾರೂ ನಿರೀಕ್ಷಿಸಿರದ ಒಂದು ಗಂಡು. ಇವರು ಬಾಗಿಲಲ್ಲಿ ನಿಂತು ಬಾಯ್ತುಂಬ ನಕ್ಕರು. "ಇದು ಮಾತ್ರ ನಿಜವಾದ ಕೊಸರು ಕಣೇ. ಇನ್ನಾದ್ರೂ ನಂಬು."

ನಂಬಿದೆ. ಎರಡೂ ಕೂಸುಗಳ ಬೆರಳುಗಳನ್ನು ಎಣಿಸಿ ನೋಡಿದ ಮೇಲೆ.