ಎದುರಾಳಿಯ ಹೆಬ್ಬೆರಳಿನ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕೆಳಮಹಡಿಯ ಟೆಲಿಫೋನ್ ಕೋಣೆಯಲ್ಲಿ ದೀಪ ಹಾಕಿಲ್ಲ; ಹಾಕುವ ಅಗತ್ಯ ಅಲ್ಲಿ ಕೂತವರಿಗಿಲ್ಲ. ಆಪರೇಟರಕ್ಕ ಹುಟ್ಟಿನಿಂದ ಕಣ್ಣು ಕಾಣದವರು. ಎಡಗಿವಿಗೆ ಹೆಡ್‌ಸೆಟ್ಟು, ಬಲಗಿವಿ ಬಾಗಿಲ ಕಡೆಗೆ, ಬೆರಳುಗಳು ಬೋರ್ಡಿನ ಗುಂಡಿಗಳ ಮೇಲೆ. ಒಂದು ಕರೆ ಬರುತ್ತದೆ. ಆ ಕಡೆ ಬರೀ ಉಸಿರಾಟ, ಮಾತು ಹೊರಡುತ್ತಿಲ್ಲ. ಬೇರೆಯವರಾಗಿದ್ದರೆ ಎರಡು ಸಲ ಹಲೋ ಎಂದು ಇಟ್ಟುಬಿಡುತ್ತಿದ್ದರು. ಇವರು ಕಾಯುತ್ತಾರೆ. "ಅವಸರ ಏನಿಲ್ಲ, ಹೇಳಿ. ನಾನಿಲ್ಲೇ ಇದ್ದೀನಿ," ಎನ್ನುತ್ತಾರೆ. ಕರೆ ಮಾಡಿದ್ದು ಮಗಳನ್ನು ಹೆರಿಗೆ ವಾರ್ಡಿಗೆ ಸೇರಿಸಿ ಮನೆಗೆ ಹೋದ ತಾಯಿ. ಲೈನು ಮೇಲಿನ ಮಹಡಿಗೆ ಹೋಗುತ್ತದೆ.

ಈ ಆಸ್ಪತ್ರೆಯಲ್ಲಿ ಅವರ ದನಿ ಕೇಳದವರಿಲ್ಲ, ಮುಖ ನೋಡಿದವರು ಕಡಿಮೆ. ಒಮ್ಮೆ ಮೇಲ್ವಿಚಾರಕರೊಬ್ಬರು ಲಿಫ್ಟಿನಲ್ಲಿ ಇವರ ಪಕ್ಕದಲ್ಲೇ ನಿಂತು, ಆಪರೇಟರ್ ಎಲ್ಲಿ ಹಾಳಾಗಿ ಹೋದಳೋ ಎಂದು ಗೊಣಗಿದರಂತೆ. ಹಾಳಾಗಿಲ್ಲ, ಊಟಕ್ಕೆ ಹೊರಟಿದ್ದೀನಿ ಎಂದರಂತೆ ಇವರು. ಅಂದಿನಿಂದ ಆ ಮಹಾಶಯರು ಮೆಟ್ಟಿಲು ಹತ್ತಿಯೇ ಓಡಾಡುತ್ತಾರೆ ಎಂಬುದು ಕೋಣೆಯ ಗುಸುಗುಸು.

ಪತ್ರಿಕೆಗೆ ಬರೆಯಲು ನಾನು ಅವರನ್ನು ಹುಡುಕಿಕೊಂಡು ಬಂದದ್ದು ಮಾತ್ರ ಟೆಲಿಫೋನಿಗಾಗಿ ಅಲ್ಲ. ಬರುವ ಭಾನುವಾರ ವಿಡಿಯೋ ಗೇಮ್ ಅಭಿಮಾನಿಗಳ ಸಂಘದ ವಾರ್ಷಿಕ ಪಂದ್ಯ. ಒಂದೇ ಕಂಪನಿಯ ಆಟಗಳನ್ನು ಆಡುವ, ಇನ್ನೊಂದು ಕಂಪನಿಯ ಹೆಸರೆತ್ತಿದರೆ ಮುಖ ಸಿಂಡರಿಸುವ ಜನರ ಸಂಘ ಅದು. ಅದರಲ್ಲಿ ಎಲ್ಲರಿಗಿಂತ ಹಳಬರು, ಎಲ್ಲರಿಗಿಂತ ಹಠಮಾರಿ ಎಂದರೆ ಈ ಆಪರೇಟರಕ್ಕ. ಆಟವನ್ನು ಕಿವಿಯಲ್ಲೇ ಆಡುತ್ತಾರೆ, ಕಣ್ಣಿದ್ದವರನ್ನು ಸೋಲಿಸುತ್ತಾರೆ. ಹೋದ ವರ್ಷ ಗೆದ್ದ ಪಂದ್ಯವನ್ನು ಬೇಡವೆಂದು ವಾಪಸ್ ಕೊಟ್ಟವರೂ ಇವರೇ. ಈ ಸಲ ಅವರಿಗೆ ಬೇಕಿರುವುದು ಒಂದು ನಿಜವಾದ ಪಂದ್ಯ. ಗೆಲುವಾಗಲಿ ಸೋಲಾಗಲಿ, ಅಪ್ಪಟವಾಗಿರಬೇಕು.

ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಟಿವಿಯ ಹತ್ತಿರ ಹೋಗುತ್ತಾರೆ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ವಾಸ. ತಮ್ಮ ಲಿಫ್ಟ್ ರಿಪೇರಿ ಮಾಡುವವರು. ಟಿವಿಯ ಕೆಳಗಿನ ಹಲಗೆಯ ಮೇಲೆ ಆ ಕಂಪನಿ ಇದುವರೆಗೆ ತಂದ ನಾಲ್ಕೂ ಆಟದ ಪೆಟ್ಟಿಗೆಗಳು, ಅಂದರೆ ಕನ್ಸೋಲ್‌ಗಳು ಸಾಲಾಗಿ ಕೂತಿವೆ. ಅವುಗಳ ಮೇಲೆ ಕಂಪನಿ ಬರೆದ ಹೆಸರುಗಳು ಈ ಮನೆಯಲ್ಲಿ ನಡೆಯುವುದಿಲ್ಲ. ಇಟ್ಟಿಗೆ, ಡಬ್ಬಿ, ಚಪ್ಪಟೆ, ಬಿಳಿಯಾನೆ: ಇವು ಮೊದಲಿನದರಿಂದ ಈಚಿನದರವರೆಗೆ ಮನೆಯವರು ಇಟ್ಟ ಹೆಸರುಗಳು. ತಮ್ಮನ ಹೆಂಡತಿ ವಾರಕ್ಕೊಮ್ಮೆ ಧೂಳು ಒರೆಸಿ, ಸಾಲು ತಪ್ಪದಂತೆ ಇಡುತ್ತಾರೆ. ತಪ್ಪಿದರೆ ಮನೆಯಲ್ಲಿ ರಾಮಾಯಣ.

ಮೊದಲ ಪೆಟ್ಟಿಗೆ ಬಂದದ್ದು ಇಬ್ಬರೂ ಚಿಕ್ಕವರಿದ್ದಾಗ. ಅಪ್ಪ ತಂದದ್ದು ಮಗನಿಗೆ. ಅವನು ಹೊಡೆದಾಟದ ಆಟ ಆಡುತ್ತಿದ್ದರೆ ಅಕ್ಕ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನ, ಈಗ ನೀನು ಒದೆ ತಿಂತೀಯ ಎಂದಳಂತೆ. ತಿಂದ. ಇನ್ನೊಮ್ಮೆ ಹೇಳಿದಳು, ಇನ್ನೊಮ್ಮೆ ತಿಂದ. ಹೊಡೆತ ಬೀಳುವ ಮುಂಚೆ ಒಂದು ಸಣ್ಣ ಸದ್ದು ಬರುತ್ತದೆ, ಅದು ಅವಳಿಗೆ ಕೇಳುತ್ತಿತ್ತು. ತಮ್ಮ ರೇಗಿ ಆಟದ ರಿಮೋಟನ್ನು ಅವಳ ಮಡಿಲಿಗೆ ಎಸೆದ. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ತಮ್ಮ ಉಪಕಾರಕ್ಕೆ ಅಪಕಾರವನ್ನೂ ಬೆರೆಸಿದ್ದಾರೆ. ಪರದೆಯ ಮೇಲೆ ಆಡಿಸಲು ಅಕ್ಕ ಆರಿಸಿಕೊಂಡ ಆಟಗಾರ್ತಿ ಹೇಗಿದ್ದಾಳೆ ಎಂದು ಕೇಳಿದಾಗ, ಬೊಚ್ಚುಬಾಯಿಯ ಅಜ್ಜಿ, ಕೈಯಲ್ಲೊಂದು ಕೋಲು ಎಂದು ರೈಲು ಬಿಟ್ಟಿದ್ದರು. ನಿಜದಲ್ಲಿ ಆಕೆ ಕವಚ ತೊಟ್ಟ ಯುವತಿ. ಸತ್ಯ ಹೊರಬಂದದ್ದು ತಮ್ಮನ ಮದುವೆಯಾದ ಮೇಲೆ, ಹೊಸ ಹೆಂಡತಿಯ ಬಾಯಿಂದ. "ಅಷ್ಟು ವರ್ಷ ಅಜ್ಜಿ ಅಂತ ಆಡಿದ್ದೀನಿ, ಈಗ ಹೇಗೆ ಬದಲಾಯಿಸ್ಲಿ? ನನ್ನ ಪಾಲಿಗೆ ಅವಳು ಅಜ್ಜೀನೇ," ಎನ್ನುತ್ತಾರೆ ಆಪರೇಟರಕ್ಕ. ಇಂದಿಗೂ ಅಜ್ಜಿಯನ್ನೇ ಆಡಿಸುತ್ತಾರೆ.

ಕಂಪನಿಯ ಬಗ್ಗೆ ಕೇಳಿದರೆ ಸಾಕು, ಅವರ ಬಾಯಿಗೆ ಬೀಗವಿಲ್ಲ. ಇಟ್ಟಿಗೆಯಲ್ಲಿ ಎಡ ಬಲ ಗೊತ್ತಾಗುತ್ತಿರಲಿಲ್ಲ, ಆದರೆ ಒಂದೊಂದು ಏಟಿಗೂ ಒಂದೊಂದು ಸದ್ದಿತ್ತು, ಯಾವುದೂ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ಡಬ್ಬಿ ಎಲ್ಲಕ್ಕಿಂತ ಶ್ರೇಷ್ಠ. ಚಿತ್ರ ಕಳಪೆ ಎಂದು ಜಗತ್ತೆಲ್ಲ ಅದನ್ನು ಮೂದಲಿಸಿತು, ಯಾರೂ ಕೊಳ್ಳಲಿಲ್ಲ, ಕಂಪನಿ ಮುಳುಗುವುದೊಂದು ಬಾಕಿ. "ಚಿತ್ರ ಕಳಪೆ ಆದ್ರೆ ನನಗೇನು? ಎದುರಾಳಿ ಎಡಕ್ಕೆ ಹಾರಿದ್ರೆ ಎಡಗಿವೀಲಿ ಕೇಳ್ತಿತ್ತು, ಬಲಕ್ಕೆ ಹಾರಿದ್ರೆ ಬಲಗಿವೀಲಿ. ಬರೀ ಕಣ್ಣಿರೋರ ತೀರ್ಪು ಕೇಳಿ ಕಂಪನಿ ಅದನ್ನ ಬಿಟ್ಟುಬಿಡ್ತು," ಎಂದು ಈಗಲೂ ಕೊರಗುತ್ತಾರೆ. ಜನ ಹೊಗಳಿದ ಚಪ್ಪಟೆಯ ಮೇಲೆ ಅವರಿಗೆ ಹೊಟ್ಟೆಕಿಚ್ಚಲ್ಲ, ಬರೀ ಕಿಚ್ಚು. ನಿಲ್ಲಿಸಲಾಗದ ಸಂಗೀತ ತುಂಬಿ, ಏಟಿನ ಸದ್ದೆಲ್ಲ ಅದರಡಿ ಹೂತುಹೋಯಿತಂತೆ. ಬಿಳಿಯಾನೆಯಲ್ಲಿ ಸಂಗೀತ ನಿಲ್ಲಿಸಬಹುದು, ಆದರೆ ನಿಲ್ಲಿಸುವ ಆಯ್ಕೆ ಪರದೆಯ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಲು ದಾರಿಯಲ್ಲಿ ಒಂದು ಸದ್ದೂ ಇಲ್ಲ. ದಾರಿಯನ್ನು ಬೆರಳುಗಳಿಗೆ ಬಾಯಿಪಾಠ ಮಾಡಿಸಿದ್ದಾರೆ.

ಅದೇ ಕಂಪನಿಯ ಕಾರು ಓಡಿಸುವ ಆಟವನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಚಕ್ರ ರಸ್ತೆಯಂಚಿಗೆ ತಾಗಿದರೆ ಬರುತ್ತಿದ್ದ ಕರಕರ ಸದ್ದನ್ನು ತೆಗೆದು ಹಾಕಿದ್ದಾರಂತೆ. ಲೋಕವೇ ಮೆಚ್ಚಿದ ಗುಹೆಯಾಟದ ವೀರನ ಬಗ್ಗೆಯೂ ಒಳ್ಳೆಯ ಮಾತಿಲ್ಲ. "ಬಾಯಿಬಿಟ್ಟು ಒಂದು ಮಾತಾಡಲ್ಲ ಆಸಾಮಿ. ಮಾತಾಡದ ಗಂಡಸಿನ ಹಿಂದೆ ಕತ್ತಲಲ್ಲಿ ಯಾರು ಅಲೀತಾರೆ?" ಇಷ್ಟೆಲ್ಲ ಬೈಯುವವರು ಬೇರೆ ಕಂಪನಿಯ ಆಟ ಆಡಬಾರದೇ ಎಂದು ನಾನು ಕೇಳಿದೆ. ಕೇಳಬಾರದಿತ್ತು. ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಆ ಮಾತು ಬೇಡ ಎಂದು ನನ್ನತ್ತ ಕೈಯಾಡಿಸಿದರು.

ಅವರು ಆಡುವ ಬಗೆ ಸರಳ, ಆದರೆ ಮೈಯೆಲ್ಲ ಕಿವಿಯಾಗಿರಬೇಕು. ಹೆಜ್ಜೆ, ಜಿಗಿತ, ಏಟು ಎಲ್ಲಕ್ಕೂ ಸದ್ದಿದೆ. ಸುಮ್ಮನೆ ನಿಂತವರಿಗೆ ಮಾತ್ರ ಸದ್ದಿಲ್ಲ. ಎದುರಾಳಿ ಅಲ್ಲಾಡದೆ ನಿಂತುಬಿಟ್ಟರೆ ಅವರ ಪಾಲಿಗೆ ಅವನು ಮಾಯ. ಆಗ ಅಜ್ಜಿಯ ಕೈಯಿಂದ ಬೆಂಕಿಯುಂಡೆ ಎಸೆಯುತ್ತಾರೆ. ಅದು ಬಡಿಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದರಲ್ಲಿ ದೂರ ತಿಳಿಯುತ್ತದೆ. ಅಷ್ಟರಲ್ಲಿ ಅವನು ಉಂಡೆಯ ಸದ್ದಿನ ಮರೆಯಲ್ಲಿ ಜಾಗ ಬದಲಿಸಿದರೆ ಕೆಟ್ಟಿತು. ಅಲ್ಲಾಡದೆ ನಿಲ್ಲುವ ಈ ಕುತಂತ್ರವನ್ನು ಕಂಡುಹಿಡಿದದ್ದು ಮತ್ತಾರೂ ಅಲ್ಲ, ತಮ್ಮ. "ಅಕ್ಕನ ಮೇಲೆ ಕರುಣೆ ತೋರ್ಸೋಕೆ ಊರೆಲ್ಲ ಇದೆ. ನಾನ್ಯಾಕೆ ತೋರಿಸ್ಲಿ?" ಎನ್ನುತ್ತಾರೆ ಅವರು, ಚಹಾ ಹೀರುತ್ತಾ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡಬಹುದಲ್ಲ ಎಂದು ಸಂಘದವರು ಹೇಳಿದ್ದರು. ಇವರೇ ಒಲ್ಲೆ ಎಂದರು. ಹಾಕಿಕೊಂಡರೆ ಪಕ್ಕದಲ್ಲಿ ಕೂತವನ ಹೆಬ್ಬೆರಳಿನ ಸದ್ದು ಕೇಳುವುದಿಲ್ಲ. ಗುಂಡಿ ಒತ್ತುವ ಆ ಟಕಟಕದಲ್ಲಿ ಎದುರಾಳಿ ಹೆದರಿದ್ದಾನೋ, ಹೊಂಚು ಹಾಕಿದ್ದಾನೋ ತಿಳಿಯುತ್ತದಂತೆ. ಎದುರಾಳಿ ನನ್ನ ಮುಖ ನೋಡಬಹುದು, ನಾನು ಅವನ ಬೆರಳು ಕೇಳಬಹುದು, ಲೆಕ್ಕ ಸಮವಾಯಿತು ಎನ್ನುವುದು ಅವರ ವಾದ.

ಹೋದ ವರ್ಷ ಕೈಕೊಟ್ಟದ್ದೂ ಅದೇ ಹೆಬ್ಬೆರಳು. ಸೆಮಿಫೈನಲ್. ಪಕ್ಕದಲ್ಲಿ ಕೂತವನು ಔಷಧಿ ಅಂಗಡಿಯವ, ಇಬ್ಬರು ಮಕ್ಕಳ ತಂದೆ, ಒಳ್ಳೆಯ ಆಟಗಾರ. ಆಪರೇಟರಕ್ಕನ ಒಂದೊಂದು ಏಟಿಗೂ ಸಭಾಂಗಣ ಚಪ್ಪಾಳೆಯಿಂದ ತುಂಬುತ್ತಿತ್ತು. ಜನಕ್ಕೆ ಮೆಚ್ಚುಗೆ, ಇವರಿಗೆ ಪೀಕಲಾಟ. ಆ ಗದ್ದಲದಲ್ಲಿ ಟಿವಿಯ ಸದ್ದು ಮುಳುಗಿ ಅಜ್ಜಿ ಗಾಳಿಗೆ ಗುದ್ದುತ್ತಿದ್ದಳು. ಸೋಲು ಹತ್ತಿರವಿತ್ತು. ಆಗ ಇವರ ಮೊಣಕೈಗೆ ತಾಗಿದ್ದ ಅವನ ಮೊಣಕೈ ಅಲ್ಲಾಡುವುದನ್ನು ನಿಲ್ಲಿಸಿತು. ಟಕಟಕ ನಿಂತಿತು. ಅಜ್ಜಿ ಹೊಡೆದಳು, ಗೆದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಅತ್ತರಂತೆ.

ಆಪರೇಟರಕ್ಕ ರಿಮೋಟ್ ಕೆಳಗಿಟ್ಟು, ನಿನ್ನ ಕೈ ಯಾಕೆ ನಿಂತಿತು ಎಂದು ಕೇಳಿದರು. ಅವನು ತೊದಲಿದ. ಸಂಘದವರು ಬಂದು, ಗೆದ್ದದ್ದು ಗೆದ್ದದ್ದೇ, ಎಲ್ಲರೂ ಖುಷಿಯಲ್ಲಿದ್ದಾರೆ, ಬಿಡಿ ಅಕ್ಕ ಎಂದು ಬೇಡಿಕೊಂಡರು. ಅವರು ಜಾಗ ಬಿಟ್ಟು ಏಳಲಿಲ್ಲ. ಮತ್ತೆ ಆಡಿಸಿದರು. ಮತ್ತೆ ಚಪ್ಪಾಳೆ, ಮತ್ತೆ ಗದ್ದಲ. ಸೋತರು. ಒಲಿದು ಬಂದ ಭಾಗ್ಯವನ್ನು ಕಾಲಲ್ಲಿ ಒದ್ದಳು ಎಂದು ಜನ ಆಡಿಕೊಂಡರು. ಆ ಹೊತ್ತು ತನಗೆ ಅಳು ಬಂದದ್ದು ಸೋಲಿಗಲ್ಲ ಎನ್ನುತ್ತಾರೆ ಅವರು. "ನನ್ನನ್ನ ಆಟದಿಂದ ಎತ್ತಿ, ಪಕ್ಕದಲ್ಲಿ ಕೂರಿಸಿ, ತಲೆ ಸವರಿದ ಹಾಗಾಯ್ತು. ನಾನು ಆಡೋಕೆ ಹೋಗಿದ್ದೆ."

ಔಷಧಿ ಅಂಗಡಿಯವನಿಗೂ ಅದು ಚುಚ್ಚಿತು. ಒಂದು ವಾರ ಬಿಟ್ಟು ಮನೆಗೆ ಬಂದ. ಕ್ಷಮೆ ಕೇಳಲು ಬಂದವನ ಕೈಗೆ ಇವರು ರಿಮೋಟ್ ಕೊಟ್ಟರು. ಅಂದಿನಿಂದ ಅಂಗಡಿಗೆ ರಜೆ ಇದ್ದ ದಿನವೆಲ್ಲ ಬರುತ್ತಾನೆ. ಈ ಭಾನುವಾರ ಇಬ್ಬರೂ ಮತ್ತೆ ಎದುರುಬದುರಾಗುವ ಸಂಭವವಿದೆ.

ನಾನಿದ್ದ ಸಂಜೆಯೂ ಬಂದಿದ್ದ. ಆಟ ನಡೆಯುತ್ತಿದೆ. ಇಬ್ಬರ ಹೆಬ್ಬೆರಳೂ ಮಳೆಗರೆಯುತ್ತಿವೆ. ಇದ್ದಕ್ಕಿದ್ದಂತೆ ಅವನ ಕಡೆಯ ಸದ್ದು ನಿಲ್ಲುತ್ತದೆ. ಮತ್ತೆ ಕನಿಕರವೇ ಎಂದುಕೊಂಡೆ ನಾನು. ಪರದೆ ನೋಡಿದರೆ ಅವನ ಆಟಗಾರ ಅಜ್ಜಿಯ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾನೆ. ತಮ್ಮನ ಕುತಂತ್ರ. ಆಪರೇಟರಕ್ಕನ ಮುಖ ಅರಳುತ್ತದೆ. ಬೆಂಕಿಯುಂಡೆ ಮುಂದಕ್ಕೆ ಹಾರಿ ಎಲ್ಲಿಗೂ ಬಡಿಯದೆ ಹೋಗುತ್ತದೆ. ಅವರು ತಿರುಗುವಷ್ಟರಲ್ಲಿ ಅವನು ಮೇಲಿಂದ ಎರಗಿ ಅಜ್ಜಿಯನ್ನು ನೆಲಕ್ಕೆ ಕೆಡವುತ್ತಾನೆ.

"ಕಲಿತುಬಿಟ್ಟ ಕಳ್ಳ," ಎಂದು ತೊಡೆ ತಟ್ಟಿಕೊಂಡು ನಗುತ್ತಾರೆ. ಸೋತದ್ದಕ್ಕೆ ಇಷ್ಟು ಸಂಭ್ರಮಪಟ್ಟವರನ್ನು ನಾನು ಕಂಡಿಲ್ಲ. ಇನ್ನೊಂದು ಆಟ ಎನ್ನುತ್ತಾರೆ. ಅವನು ಮನೆಗೆ ಹೋಗಬೇಕು, ಮಕ್ಕಳು ಕಾಯುತ್ತಿದ್ದಾರೆ. ಇನ್ನೊಂದು ಎಂದರೆ ಇನ್ನೊಂದು. ಆಡುತ್ತಾರೆ. ಈ ಸಲ ಅವನು ನಿಲ್ಲುವ ಮುಂಚೆಯೇ ಅಜ್ಜಿ ಹಿಂದಕ್ಕೆ ತಿರುಗಿ ಕಾದಿದ್ದಾಳೆ.

ಹೊರಡುವಾಗ, ಓದುಗರಿಗೆ ಏನಾದರೂ ಹೇಳಬೇಕೇ ಎಂದು ಕೇಳುತ್ತೇನೆ. ಬಾಗಿಲವರೆಗೆ ಬಂದು ಹೇಳುತ್ತಾರೆ.

"ಭಾನುವಾರ ಬರೋರು ಬರ್ಲಿ. ಆಟ ನಡೀತಿರುವಾಗ ಮಾತ್ರ ಚಪ್ಪಾಳೆ ಹೊಡೀಬೇಡಿ ಅಂತ ಬರೀರಿ, ನನಗೆ ಕೇಳಿಸಲ್ಲ. ಮುಗಿದ ಮೇಲೆ ಹೊಡೀರಿ. ಗೆದ್ದೋರಿಗೆ ಹೊಡೀರಿ."