ಎದ್ದು ಕಾಣುವ ಕಪ್ಪು

ತಾರಸಿಯ ಬಾಗಿಲಿಗೆ ಬೀಗ ಬಿದ್ದ ದಿನ ದೊಡ್ಡಮ್ಮ ಒದ್ದೆ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಆ ಕಟ್ಟಡದಲ್ಲಿ ಅವಳು ಎಲ್ಲರಿಗೂ ದೊಡ್ಡಮ್ಮನೇ, ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದ ಮೊದಲ ಮಹಡಿಯ ತಾತನಿಗೂ. ಬೀಗ ಜಡಿಸಿದವನು ಕಟ್ಟಡದ ಸಂಘದ ಕಾರ್ಯದರ್ಶಿ. ತಾರಸಿಯ ತುಂಬ ಹೂಕುಂಡ ಜೋಡಿಸಿ, ಉಯ್ಯಾಲೆ ಹಾಕಿಸಿ, ಸಂಜೆಯಾದರೆ ತನ್ನ ಗೆಳೆಯರನ್ನು ಅಲ್ಲಿ ಕೂರಿಸಿಕೊಂಡು ಹರಟುತ್ತಿದ್ದ.

"ಬಟ್ಟೆ ಒಣಹಾಕಿದ್ರೆ ಕಟ್ಟಡದ ಅಂದ ಕೆಡುತ್ತೆ ದೊಡ್ಡಮ್ಮ. ಎಲ್ಲರೂ ಒಪ್ಪಿದಾರೆ."

"ಎಲ್ಲರೂ ಅಂದ್ರೆ ಯಾರಪ್ಪಾ? ನನ್ನ ಯಾವಾಗ ಕೇಳ್ದೆ?"

"ಫೋನ್ ಗ್ರೂಪಲ್ಲಿ ಹಾಕಿದ್ನಲ್ಲ. ಯಾರೂ ಬೇಡ ಅನ್ಲಿಲ್ಲ."

ದೊಡ್ಡಮ್ಮ ಅದೇ ಗ್ರೂಪಿನಲ್ಲಿ 'ನಾನು ಬೇಡ ಅಂತಿದೀನಿ' ಎಂದು ಹಾಕಿದಳು. ಬೆಳಿಗ್ಗೆ ನೋಡಿದರೆ ಅವಳನ್ನು ಗ್ರೂಪಿನಿಂದಲೇ ತೆಗೆದುಹಾಕಿದ್ದರು.

ಇಂಥದ್ದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವ ಜಾಯಮಾನ ಅವಳದಲ್ಲ. ಬಟ್ಟೆ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಾಗ ಒಮ್ಮೆ ಮ್ಯಾನೇಜರು ತನ್ನ ತಪ್ಪನ್ನು ಜವಾನನ ತಲೆಗೆ ಕಟ್ಟುವ ಪತ್ರ ಬರೆದು ತಂದು ಮೇಜಿನ ಮೇಲಿಟ್ಟಿದ್ದ. "ಇದು ಸುಳ್ಳು ಸಾರ್, ನಾನು ಟೈಪ್ ಹೊಡೆಯಲ್ಲ" ಎಂದು ಮೆಷಿನ್ನಿಗೆ ಹೊದಿಕೆ ಹೊದಿಸಿ ಕೈಕಟ್ಟಿ ಕೂತಿದ್ದಳು. ಅವಳನ್ನು ಕಿಟಕಿಯಿಲ್ಲದ ಉಗ್ರಾಣಕ್ಕೆ ಎತ್ತಿಹಾಕಿದರು. ನೂಲಿನ ಧೂಳಿಗೆ ಕೆಮ್ಮು ಹತ್ತಿತು, ಆದರೂ ಕ್ಷಮೆ ಕೇಳಲಿಲ್ಲ. ಜವಾನನ ಕೆಲಸ ಉಳಿಯಿತು.

ಈಗ ಅವಳಿಗೆ ತೋಚಿದ್ದು ಒಂದೇ ದಾರಿ: ಬರೆದು ಗೋಡೆಗೆ ಅಂಟಿಸುವುದು. 'ತಾರಸಿ ಎಲ್ಲರದು. ಭಾನುವಾರ ಬೆಳಿಗ್ಗೆ ತಾರಸಿಯ ಬಾಗಿಲ ಮುಂದೆ ಸೇರೋಣ' ಎಂದು ಟೈಪ್ ಮಾಡಿ, ಕೆಳಗೆ ತನ್ನ ಹೆಸರನ್ನೂ ಮನೆ ನಂಬರನ್ನೂ ಹಾಕಿ, ಮನೆಯ ಪ್ರಿಂಟರಿಗೆ ಕೊಟ್ಟಳು. ಅದು ಕೊರಕೊರ ಎಂದು ಗೊಣಗಿ ಒಂದು ಹಾಳೆ ಉಗುಳಿತು. ಅಕ್ಷರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ನಡುನಡುವೆ ಬಿಳಿ ಗೆರೆ ಹಾದು 'ತಾರಸಿ'ಯ ಸೊಂಟವೇ ಮುರಿದಿತ್ತು. ಆದದ್ದಾಗಲಿ ಎಂದು ಅದನ್ನೇ ಕೆಳಗೆ ಅಂಟಿಸಿ ಬಂದಳು.

ಸಂಜೆ ಕಾರ್ಯದರ್ಶಿ ಅದರ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. "ದೊಡ್ಡಮ್ಮ, ನಿಮ್ಮ ನೋಟೀಸು ಓದೋಕೆ ಭೂತಗನ್ನಡಿ ನೀವೇ ಕೊಡ್ತೀರಾ?" ಅಕ್ಕಪಕ್ಕದವರೂ ನಕ್ಕರು. ದೊಡ್ಡಮ್ಮ ಪ್ರಿಂಟರನ್ನು ರಿಪೇರಿಗೆ ಒಯ್ದಳು.

ಬೀದಿ ಕೊನೆಯ ರಿಪೇರಿಯವನು ಪ್ರಿಂಟರನ್ನು ಮುಟ್ಟಿಯೂ ನೋಡಲಿಲ್ಲ. "ಇದು ಮುಗೀತು ಅಮ್ಮ. ಹೊಸದು ತಗೊಂಡ್ಬಿಡಿ."

"ಮುಗೀತೋ ಇಲ್ವೋ ನಾನು ನೋಡ್ತೀನಿ" ಎಂದು ಅದನ್ನು ಮಗುವಿನಂತೆ ಎತ್ತಿಕೊಂಡು ವಾಪಸು ಬಂದಳು.

"ಹೋಗ್ಲಿ ಬಿಡೇ, ಬಾಲ್ಕನೀಲಿ ಒಣಗಿಸೋಣ. ಊರಿಗೆಲ್ಲ ಇಲ್ಲದ ಉಸಾಬರಿ ನಿನಗ್ಯಾಕೆ?" ಎಂದರು ಅವಳ ಯಜಮಾನರು.

ದೊಡ್ಡಮ್ಮ ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಪ್ರಿಂಟರ್ ತನ್ನನ್ನು ತಾನೇ ತೊಳೆದುಕೊಳ್ಳುವ ಗುಂಡಿ ಒತ್ತಿದಳು. ಗೆರೆಗಳು ಸ್ವಲ್ಪ ಕಡಿಮೆಯಾದವು, ಅಷ್ಟೇ. ಅಷ್ಟರಲ್ಲಿ ಮೂರನೇ ಮಹಡಿಯ ನರ್ಸ್ ಬಂದಳು. ಅವಳ ಸಮವಸ್ತ್ರ ದಿನವೂ ಹಸಿ ಹಸಿಯಾಗೇ ಮೈಮೇಲೆ ಏರುತ್ತಿತ್ತು. ಬೀಗದ ಮೇಲೆ ಅವಳಿಗೂ ಕೆಂಡದಂಥ ಕೋಪ.

"ಮಸಿ ಒಣಗಿ ತೂತು ಕಟ್ಟಿಕೊಂಡಿರಬೇಕು ದೊಡ್ಡಮ್ಮ. ಹತ್ತಿ ಬೇಡ, ಎಳೆ ಅಂಟುತ್ತೆ. ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆ ತರ್ತೀನಿ ಇರಿ."

ಇಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ಹಳೆ ಪೇಪರು ಹಾಸಿ ಕಪ್ಪು ಮಸಿಯ ಡಬ್ಬಿಯನ್ನು ಹೊರತೆಗೆದರು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಅದರ ತಳವನ್ನು ಮೆಲ್ಲಗೆ ಒತ್ತಿಟ್ಟರು. ಕರೆಂಟು ಹಾಯುವ ಹಿತ್ತಾಳೆ ಬಣ್ಣದ ಚುಕ್ಕಿಗಳಿಗೆ ಕೈ ತಾಗದಂತೆ ದೊಡ್ಡಮ್ಮ ಡಬ್ಬಿಯನ್ನು ಅಂಚಿನಲ್ಲೇ ಹಿಡಿದಿದ್ದಳು. ಮೊದಲು ಬರೀ ಕಂದು ಕಲೆ. ಬಟ್ಟೆ ಬದಲಿಸಿ ಮತ್ತೆ ಒತ್ತಿದಾಗ ಕಡುಗಪ್ಪು ಗೆರೆಯೊಂದು ನೇರವಾಗಿ ಮೂಡಿತು.

"ಬಂತು ನೋಡು!" ಎಂದು ದೊಡ್ಡಮ್ಮ ಮಸಿಗೈಯಲ್ಲೇ ನರ್ಸಿನ ಬೆನ್ನು ತಟ್ಟಿದಳು.

ಡಬ್ಬಿಯನ್ನು ಒಳಗಿಟ್ಟು ಮತ್ತೆ ಹಾಳೆ ತೆಗೆದರೆ ಬಿಳಿ ಗೆರೆ ಮಾಯ. ಅಕ್ಷರ ಮಾತ್ರ ಇನ್ನೂ ತೆಳುವೇ! ದೊಡ್ಡಮ್ಮ ಕಂಪ್ಯೂಟರಿನಲ್ಲಿ ಪ್ರಿಂಟರಿನ ಆಯ್ಕೆಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದಳು. 'ಡ್ರಾಫ್ಟ್' ಎಂಬುದರ ಪಕ್ಕ ಗುರುತು ಬಿದ್ದಿತ್ತು. ಕಡಿಮೆ ಮಸಿಯಲ್ಲಿ ಮುಗಿಸುವ ಕರಡು ಮುದ್ರಣ.

"ರೀ, ಇದನ್ನ ಯಾರು ಒತ್ತಿದ್ದು?"

ಯಜಮಾನರು ಓದುತ್ತಿದ್ದ ಪೇಪರನ್ನು ಮುಖದವರೆಗೂ ಎತ್ತಿಕೊಂಡರು. "ಮಸಿ ಉಳೀಲಿ ಅಂತ..."

"ಉಳಿಸಿದ್ದು ಸಾಕು ಮಾರಾಯರೇ" ಎಂದು ಅವಳು ಗುರುತನ್ನು ಅತ್ಯುತ್ತಮ ಮುದ್ರಣಕ್ಕೆ ಬದಲಿಸಿದಳು. ಈ ಸಲ ಅಕ್ಷರ ಕಾಡಿಗೆ ತೀಡಿದಷ್ಟು ಕಪ್ಪಾಗಿ ಬಂತು.

ಮಹಡಿಗೊಂದರಂತೆ ಅಂಟಿಸಿದಳು. ಮಧ್ಯಾಹ್ನದೊಳಗೆ ಯಾರೋ ಅಷ್ಟನ್ನೂ ಕಿತ್ತಿದ್ದರು. ಮತ್ತೆ ಪ್ರಿಂಟ್ ತೆಗೆದು ಅಂಟಿಸಿದಳು, ಮತ್ತೆ ಕಿತ್ತರು. ಮೆಟ್ಟಿಲಲ್ಲಿ ಎದುರಾದ ಕಾರ್ಯದರ್ಶಿ, "ಎಷ್ಟು ಅಂತ ಅಂಟಿಸ್ತೀರಿ?" ಎಂದ.

"ನೀನು ಎಷ್ಟು ಕೀಳ್ತೀಯೋ ಅದಕ್ಕಿಂತ ಒಂದು ಜಾಸ್ತಿ" ಎಂದು ಅವನ ಕೈಗೇ ಒಂದು ಪ್ರತಿ ಕೊಟ್ಟಳು. ಉಳಿದವನ್ನು ಒಂದೊಂದು ಮನೆಯ ಬಾಗಿಲ ಸಂದಿಯಲ್ಲೂ ತೂರಿಸಿದಳು.

ಭಾನುವಾರ ಮೊದಲು ಬಂದವಳು ನರ್ಸ್, ಕೈಯಲ್ಲಿ ಬಕೆಟ್ಟು. ಆಮೇಲೆ ಎರಡನೇ ಮಹಡಿಯ ಅಕ್ಕತಂಗಿಯರು. ಮೊದಲ ಮಹಡಿಯ ತಾತ ಒಂದೇ ಒಂದು ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದರು. ಮೆಟ್ಟಿಲ ತುಂಬ ಬಕೆಟ್ಟುಗಳಾದವು, ನೀರು ಕೆಳಗಿನವರೆಗೂ ತೊಟ್ಟಿಕ್ಕಿತು.

"ಗ್ರೂಪಲ್ಲಿ ಕೇಳಿದಾಗ ಯಾಕೆ ಯಾರೂ ಮಾತಾಡ್ಲಿಲ್ಲ?" ಎಂದು ಗದ್ದಲ ಕೇಳಿ ಬಂದ ಕಾರ್ಯದರ್ಶಿ ರೇಗಿದ.

"ಮಾತಾಡಿದವರನ್ನ ತೆಗೆದುಹಾಕ್ತೀಯಲ್ಲಪ್ಪ" ಎಂದರು ತಾತ.

ಅವನು ಅತ್ತಿತ್ತ ನೋಡಿದ. ಸುತ್ತಲೂ ಬಕೆಟ್ಟು ಹಿಡಿದು ನಿಂತವರೇ. ಕೊನೆಗೆ ಜೇಬಿನಿಂದ ಕೀಲಿ ತೆಗೆದು ಬೀಗ ಬಿಚ್ಚಿದ. ಹೂಕುಂಡಗಳು ಒಂದು ಮೂಲೆಗೆ ಸರಿದವು, ನಾಲ್ಕು ಹಗ್ಗ ಕಟ್ಟಿದರು. ಅವನು ಇವತ್ತಿಗೂ ದೊಡ್ಡಮ್ಮನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವಳು ಬೇಕೆಂದೇ ನಿಂತು, "ಊಟ ಆಯ್ತೇನಪ್ಪಾ?" ಎಂದು ಕೇಳುತ್ತಾಳೆ.

ಮರುವಾರ ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತದ್ದನ್ನು ಕಂಡು ಯಜಮಾನರು ಓದುತ್ತಿದ್ದ ಪೇಪರನ್ನು ಕೆಳಗಿಟ್ಟರು. "ಈಗಿನ್ನೇನೇ?"

"ಮೆಟ್ಟಿಲ ಮೇಲೆ ಒಂದು ದೀಪಾನೂ ಉರೀತಿಲ್ಲ, ಗೊತ್ತಾ ನಿಮಗೆ?" ಎಂದಳು ದೊಡ್ಡಮ್ಮ. "ಆ ಹಾಳೆ ಕಟ್ಟು ಇತ್ತ ಕೊಡಿ."