ಅವ್ವನ ಕೈಯ ಮೊದಲ ಕಡ್ಡಿ

ಹೋದ ವಾರ ಕೆ.ಆರ್. ನಗರದಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಕೂರುತ್ತಿದ್ದಂತೆ ಹಸಿ ಹೊಗೆಸೊಪ್ಪಿನ ವಾಸನೆ ಬಂತು. ಬೇಯಿಸಿದ ಸೊಪ್ಪಿನದು ಸಿಹಿ ವಾಸನೆ, ನಮ್ಮ ಕಡೆಯವರಿಗೆಲ್ಲ ಗೊತ್ತು. ಹಸಿಯದು ಬೇರೆ. ಕಹಿ, ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಆಕೆಯ ಅಂಗೈ ಎಲೆಯ ಅಂಟು ಹತ್ತಿ ಟಾರು ಬಳಿದ ಹಾಗೆ ಕಪ್ಪಾಗಿತ್ತು. ಫೋನಿನಲ್ಲಿ ನನಗೆ ತಿಳಿಯದ ಯಾವುದೋ ಭಾಷೆಯಲ್ಲಿ ನಗುತ್ತಾ ಮಾತಾಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳ ಮೇಲೆ ನನಗೇನೂ ಬೇಸರವಿರಲಿಲ್ಲ. ಆ ವಾಸನೆಗೆ ನಮ್ಮೂರಿನ ಬ್ಯಾರನ್ ಮಾವ ನೆನಪಾಗಿಬಿಟ್ಟಿದ್ದರು...

ನಮ್ಮೂರು ಬೆಟ್ಟದಪುರದ ಹತ್ತಿರ. ಹೊಗೆಸೊಪ್ಪಿನ ಊರು. ಎಲೆ ಮುರಿದು ತಂದು, ದಾರದಲ್ಲಿ ಕಡ್ಡಿಗೆ ಸಾಲಾಗಿ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಅನ್ನುವ ಎತ್ತರದ ಬೇಯಿಸುವ ಮನೆಯೊಳಗೆ ಅಟ್ಟದಿಂದ ಅಟ್ಟಕ್ಕೆ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಬೇಯಿಸಬೇಕು. ಕಟ್ಟುವ ಕೆಲಸ ಹೆಂಗಸರದು. ನಮ್ಮ ಬೀದಿಯ ಹೆಂಗಸರೆಲ್ಲ ಮಾವನ ಬ್ಯಾರನ್ನಿಗೇ ಕಟ್ಟುತ್ತಿದ್ದರು. ಅವರ ಮುಂದಾಳು ನಮ್ಮವ್ವ. ಮಾವ ನಮಗೆ ನೆಂಟರಲ್ಲ. ಅವ್ವ ಅವರನ್ನು ಅಣ್ಣಯ್ಯ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾವ.

ಪ್ರತಿ ವರ್ಷ ಮೊದಲ ಕಡ್ಡಿ ಕಟ್ಟುವುದು ಅವ್ವನೇ. ಒಂದು ವರ್ಷ ಅವಳಿಗೆ ಜ್ವರ ಬಂದು ಬೇರೆಯವರು ಕಟ್ಟಿದ್ದರಂತೆ. ಆ ಸಲ ಬ್ಯಾರನ್ನಿಗೆ ಬೆಂಕಿ ಬಿದ್ದು ಸೊಪ್ಪೆಲ್ಲ ಬೂದಿಯಾಯಿತು. ಅಲ್ಲಿಂದಾಚೆಗೆ ಮಾವನಿಗೆ ಅವ್ವನ ಕೈಗುಣದ ಮೇಲೆ ಬಲವಾದ ನಂಬಿಕೆ. ಮಿಂದು, ಹೂ ಮುಡಿದು, ಅರಿಶಿನ ಬಳಿದ ಕಡ್ಡಿಗೆ ಅವ್ವ ಎಲೆ ಕಟ್ಟಿಕೊಟ್ಟರೆ ಅದು ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ಮೊದಲ ಕಡ್ಡಿ ಯಾವ ಬೀದಿಯದೋ ಆ ಹಂಗಾಮಿನ ಕೆಲಸವೂ ಆ ಬೀದಿಯದು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಇದನ್ನು ಸಂಕೋಚದಿಂದ ಹೇಳುವುದಿಲ್ಲ. ಅಪ್ಪ ಇಲ್ಲದ ಮನೆ, ಅವ್ವ ಕಟ್ಟಿದ ಕಡ್ಡಿಗಳಲ್ಲೇ ನನ್ನ ಕಾಲೇಜು ನಡೆದಿದ್ದು. ಆದರೆ ನನ್ನನ್ನು ಓದಿಸು ಎಂದು ಅವ್ವನಿಗೆ ಧೈರ್ಯ ತುಂಬಿದವರು ಮಾವ. ಪರೀಕ್ಷೆಯ ದಿನ ಬಸ್ಸು ತಪ್ಪಿದರೆ ತಮ್ಮ ಬೈಕಿನಲ್ಲಿ ಹುಣಸೂರಿನವರೆಗೂ ಬಿಟ್ಟು ಬರುತ್ತಿದ್ದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಗಾಡಿ ನಿಧಾನ ಮಾಡಿ, “ನಮ್ಮುಡುಗಿ ಕಣ್ಲಾ, ಡಿಗ್ರಿ ಓದ್ತಾವ್ಳೆ” ಅನ್ನುತ್ತಿದ್ದರು. ಹೊತ್ತಾಗುತ್ತಿದೆ ಎಂದು ನನಗೆ ಒಳಗೊಳಗೇ ಸಿಟ್ಟು. ಖುಷಿಯೂ.

ನಾನು ಕೊನೆಯ ವರ್ಷದಲ್ಲಿದ್ದಾಗ ಊರಿಗೆ ಹೊರಗಿನ ಕೆಲಸಗಾರರು ಬರತೊಡಗಿದರು. ಕೊಡಗಿನ ಕಾಫಿ ತೋಟಗಳಿಗೆ ಬಂದಿದ್ದ ಅಸ್ಸಾಮಿನ ಕಡೆಯವರು, ವ್ಯಾನುಗಳಲ್ಲಿ ನಮ್ಮ ಕಡೆಗೂ ಇಳಿದರು. ಬ್ಯಾರನ್ ಪಕ್ಕವೇ ನೀಲಿ ಟಾರ್ಪಾಲಿನಡಿ ಇದ್ದು, ಹೊತ್ತು ಗೊತ್ತಿಲ್ಲದೆ ದುಡಿಯುತ್ತಿದ್ದರು. ಎರಡು ಮೂರು ಬ್ಯಾರನ್ನಿನವರು ಊರ ಹೆಂಗಸರನ್ನು ಕರೆಯುವುದನ್ನೇ ನಿಲ್ಲಿಸಿದರು. ನಲ್ಲಿಯ ಹತ್ತಿರ ಅದೇ ಮಾತು.

“ಅಸ್ಸಾಮೋ ಬಾಂಗ್ಲಾನೋ, ಯಾರಿಗ್ ಗೊತ್ತು? ಇಂಗೇ ಬತ್ತಾ ಇದ್ರೆ ನಾವ್ ಎಲ್ಲಿಗೋಗುಮಾ?” ಎಂದು ಒಬ್ಬಳು ಅಂದರೆ, ಇನ್ನೊಬ್ಬಳು, “ನೀನೂ ವ್ಯಾನ್ ಅತ್ತು, ಅವ್ರೂರಿಗೋಗಿ ಕಟ್ಟು” ಎಂದು ನಗಿಸುತ್ತಿದ್ದಳು. ನಗು ಬೇಗ ನಿಲ್ಲುತ್ತಿತ್ತು.

ಒಂದು ಸಂಜೆ ಹಾಲಿನ ಡೈರಿ ಮುಂದೆ ಊರು ಸೇರಿತು. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು ಮಾವ. “ನಮ್ಮ ಹೆಣ್ಮಕ್ಳು ಕೈ ಕಟ್ಕೊಂಡು ಕೂತಿರುವಾಗ ಎಲ್ಲಿಂದ್ಲೋ ಬಂದೋರಿಗೆ ಕೆಲ್ಸ ಕೊಡಾದು ಮಾನಗೆಟ್ಟ ಕೆಲ್ಸ” ಎಂದರು. ಹೊರಗಿನವರನ್ನು ಇಟ್ಟುಕೊಂಡ ಬ್ಯಾರನ್ನಿಗೆ ನಮ್ಮ ಬೀದಿಯ ಒಬ್ಬ ಹೆಂಗಸೂ ಅರ್ಧ ದಿನಕ್ಕೂ ಹೋಗಬಾರದು, ಆಗ ಅವರಿಗೇ ಬುದ್ಧಿ ಬರುತ್ತದೆ ಎಂದರು. ಕೆಲವರು ಅನುಮಾನಿಸಿದರು. ಸೊಪ್ಪು ಹೆಚ್ಚಾದ ದಿನ ಆ ಬ್ಯಾರನ್ನಿನವರೂ ಒಂದಿಷ್ಟು ಜನರನ್ನು ಕರೆಯುತ್ತಿದ್ದರು, ಅದನ್ನೂ ಕಳೆದುಕೊಳ್ಳುವುದು ಹೇಗೆ? ಆಗ ಮಾವ ನನ್ನ ಕಡೆ ಕೈ ತೋರಿಸಿ, “ಓದಿರೋಳು ಅವ್ಳೆ, ಅವ್ಳು ಏಳ್ಲಿ ಬುಡಿ” ಎಂದರು.

ನಾನು ಎದ್ದು ನಿಂತೆ. ಒಗ್ಗಟ್ಟು ಅಂದೆ, ಹಕ್ಕು ಅಂದೆ, ಕಾಲೇಜಿನಲ್ಲಿ ಕಲಿತ ಮಾತುಗಳನ್ನೆಲ್ಲ ಅಂದೆ. ಊರ ಮುಂದೆ ಅದು ನನ್ನ ಮೊದಲ ಭಾಷಣ. ಹೆಮ್ಮೆಯಿಂದ ಅರಳಿದ ಅವ್ವನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ... ಕೊನೆಗೆ ಅವಳೇ ಎಲ್ಲರ ಪರವಾಗಿ, “ಆಯ್ತು ಅಣ್ಣಯ್ಯ, ನಿಮ್ಮನ್ ನಂಬ್ಕೊಂಡಿವಿ, ಓಗಾಕಿಲ್ಲ” ಎಂದು ಮಾತು ಕೊಟ್ಟಳು.

ಮಾತಿನಂತೆ ಯಾರೂ ಹೋಗಲಿಲ್ಲ. ಆಮೇಲೆ ಮಾವನ ಹೊಲದ ಸೊಪ್ಪು ಕುಯ್ಲಿಗೆ ಬಂತು. ಅವ್ವ ಎಂದಿನಂತೆ ಹೂ ಮುಡಿದು ಹೋದಳು, ಹಿಂದೆ ಬೀದಿಯ ಹೆಂಗಸರು. ಅವತ್ತು ಕಾಲೇಜಿಗೆ ರಜೆ, ನಾನೂ ಹೋಗಿದ್ದೆ. ಮೊದಲ ಕಡ್ಡಿ ಕಟ್ಟಿ ಆಯಿತು. ಮಾವ ಕಾಯಿ ಒಡೆದರು. ಹೆಂಗಸರು ಕಾಲು ಚಾಚಿ ಕೂತು ದಾರ ಬಿಚ್ಚಿಕೊಳ್ಳುವಷ್ಟರಲ್ಲಿ, “ಇವತ್ತು ಪೂಜೆ ಒಂದೇ ಕಣವ್ವ. ಸೊಪ್ಪು ಪೂರ್ತಿ ಬರ್ಲಿ, ಏಳಿ ಕಳಿಸ್ತೀನಿ” ಎಂದರು. ಎಲ್ಲರೂ ಬಾಳೆಹಣ್ಣು ಸೆರಗಿಗೆ ಕಟ್ಟಿಕೊಂಡು ಎದ್ದು ಬಂದರು.

ಮರುದಿನ ಯಾರೂ ಕರೆಯಲು ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ಅವ್ವ ಅಂಗಳ ಸಾರಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಮಾವನ ಬ್ಯಾರನ್ನಿನ ಹೊಗೆಕೊಳವೆಯಲ್ಲಿ ಹೊಗೆ ಬರುತ್ತಿತ್ತು. ಅಟ್ಟಗಳೆಲ್ಲ ತುಂಬದೆ ಯಾರೂ ಬ್ಯಾರನ್ನಿಗೆ ಬೆಂಕಿ ಹಾಕುವುದಿಲ್ಲ. ಅಷ್ಟು ಕಡ್ಡಿ ಯಾರೋ ಕಟ್ಟಿದ್ದಾರೆ. ನಮ್ಮ ಬೀದಿಯ ಕೈಗಳಂತೂ ಅಲ್ಲ. ಒಬ್ಬೊಬ್ಬರೇ ಮನೆಯಿಂದ ಹೊರಗೆ ಬಂದು ಆ ಹೊಗೆ ನೋಡಿದರು.

ಅವ್ವ, ನಾನು ಹೋದೆವು. ಬ್ಯಾರನ್ ಹಿಂದೆ ನೀಲಿ ಟಾರ್ಪಾಲು. ಅದರ ಕೆಳಗೆ ಗಂಡಸರು, ಹೆಂಗಸರು ಸಾಲಾಗಿ ಕೂತು ಮುಂದಿನ ಸಲ ಬೇಯಿಸಲು ಕಡ್ಡಿ ಕಟ್ಟುತ್ತಿದ್ದರು. ತುದಿಯಲ್ಲಿ ನನ್ನದೇ ವಯಸ್ಸಿನ ಒಂದು ಹುಡುಗಿ, ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ. ನಮ್ಮನ್ನು ನೋಡಿ ನಕ್ಕಳು. ಅವಳಿಗೇನು ಗೊತ್ತು...

ಮಾವ ಟವೆಲು ಕೊಡವುತ್ತಾ ಬಂದರು.

“ಇದೇನಣ್ಣಯ್ಯ?” ಎಂದಳು ಅವ್ವ.

“ಸೊಪ್ಪು ಹಣ್ಣಾಗೋಯ್ತು ಕಣವ್ವ, ತಡಿಯಾಕಿಲ್ಲ. ಇವ್ರು ಕತ್ಲಾದ್ರೂ ಎದ್ದೇಳಾಕಿಲ್ಲ. ನೀವು ಹಾಲು ಕರೀಬೇಕು, ಮಕ್ಳು ಬತ್ತಾರೆ ಅಂತ ಸಂಜೆಗೆಲ್ಲ ಓಯ್ತೀರಿ.”

“ಮತ್ತೆ ಡೈರಿ ಮುಂದೆ ಅಂಗಂದ್ರಲ್ಲ?”

“ಅದು ಊರಿಗೆ ಏಳಿದ್ದು ಕಣವ್ವ” ಎಂದರು ಮಾವ. ಮುಖದಲ್ಲಿ ನಾಚಿಕೆಯಿರಲಿಲ್ಲ. ಅಷ್ಟೂ ಅರ್ಥವಾಗುವುದಿಲ್ಲವೇ ಎನ್ನುವ ಹಾಗೆ ನೋಡಿದರು. “ನಿನ್ ಕೈಲೇ ಮೊದ್ಲು ಕಟ್ಸಿದೀನಲ್ಲ, ಬುಡು” ಎಂದೂ ಸೇರಿಸಿದರು.

ಊರ ಮುಂದೆ ಅಷ್ಟು ಮಾತಾಡಿದ್ದ ನನಗೆ “ಮಾವ” ಎನ್ನುವುದಕ್ಕಿಂತ ಮುಂದೆ ಒಂದು ಪದ ಹೊರಡಲಿಲ್ಲ. ಅವರಿಗೆ ಅವ್ವನ ಕೈಗುಣ ಬೇಕಿತ್ತು, ಕೈ ಬೇಕಿರಲಿಲ್ಲ. ನನ್ನ ಓದೂ ಊರ ಮುಂದೆ ತೋರಿಸುವಷ್ಟಕ್ಕೇ ಬೇಕಿತ್ತು. ಹೊರಗಿನವರು ಬರುವುದನ್ನು ನಾವೆಲ್ಲ ರಸ್ತೆಯ ಕಡೆ ಕಣ್ಣಿಟ್ಟು ಕಾಯುತ್ತಿದ್ದೆವು. ಅವರನ್ನು ಕರೆದುಕೊಂಡು ಬಂದವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೆರೆಸುತ್ತಿದ್ದವರು.

ಹೆಂಗಸರು ಮಿಕ್ಕ ಬ್ಯಾರನ್ನುಗಳಿಗೆ ಕೇಳಿಕೊಂಡು ಹೋದರೆ, “ನಿಮ್ಮಣ್ಣಯ್ಯನ ಬ್ಯಾರನ್ನೇ ಉರೀತಾ ಅದಲ್ಲ, ಅಲ್ಲಿಗೋಗ್ರಿ” ಎಂದು ಹಂಗಿಸಿದರು. ಆ ಹಂಗಾಮಿಗೆ ನಮ್ಮ ಬೀದಿಯ ಯಾರಿಗೂ ಕಟ್ಟುವ ಕೆಲಸ ಸಿಗಲಿಲ್ಲ. ಕೆಲವರು ಅವ್ವನ ಜೊತೆ ಮಾತು ಬಿಟ್ಟರು. ಮಾತು ಕೊಟ್ಟವಳು ಅವಳಲ್ಲವೇ? ಅವ್ವ ಎಚ್.ಡಿ. ಕೋಟೆ ಕಡೆಯ ಶುಂಠಿ ಹೊಲಗಳಿಗೆ ಗೂಡ್ಸ್ ಆಟೋದಲ್ಲಿ ನಿಂತು ಹೋಗಿ ಬಂದಳು. ಮಣ್ಣು ತೊಳೆದೂ ತೊಳೆದೂ ಬೆರಳ ಸಂದಿ ಒಡೆದಿತ್ತು. ಹಾಗೆ ನನ್ನ ಡಿಗ್ರಿ ಮುಗಿಯಿತು.

ಫಲಿತಾಂಶ ಬಂದ ದಿನ ಮಾವ ಸಿಹಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. “ಎಲ್ಲವ್ವ ನಮ್ಮುಡುಗಿ?” ಎಂದು ಕೂಗಿದರು. ಅವ್ವ ಹೊಸ್ತಿಲಲ್ಲೇ ನಿಂತು, “ಓದ್ಕೋತಾವ್ಳೆ” ಎಂದಳು. ಪರೀಕ್ಷೆ ಮುಗಿದಿದೆ ಎಂದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಒಳಗೆ ಕೂತಿದ್ದ ನನಗೆ ಆ ಚಪ್ಪಲಿಯ ಸದ್ದು ದೂರವಾಗುವುದು ಕೇಳುತ್ತಿತ್ತು. ಓಡಿ ಹೋಗಿ ಕರೆಯಬೇಕು ಅನ್ನಿಸಿದ್ದು ಸುಳ್ಳಲ್ಲ. ಕರೆಯಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ನಾನೀಗ ಕೆ.ಆರ್. ನಗರದಲ್ಲಿ ಹೈಸ್ಕೂಲು ಟೀಚರು, ಅವ್ವ ನನ್ನ ಜೊತೆಗಿದ್ದಾಳೆ. ಸಾವಿನ ಸುದ್ದಿ ಬಂದಾಗ ಅವ್ವ ಬರುವುದಿಲ್ಲ ಎಂದಳು. ನಾನೊಬ್ಬಳೇ ಹೋದೆ. ಅವರ ಹೊಲದಲ್ಲೇ ಮಣ್ಣು ಮಾಡಿದರು. ಗುಂಡಿ ತೋಡಿದ್ದವರು ಆ ಟಾರ್ಪಾಲಿನ ಗಂಡಸರು. ಅವರ ಹಿಂದೆ ಒಬ್ಬ ಹೆಂಗಸು, ಸೊಂಟದಲ್ಲಿ ಮಗು, ಗಲ್ಲದ ಮೇಲೆ ಮೂರು ಚುಕ್ಕಿ. “ಮಾಮಾ, ಮಾಮಾ” ಎಂದು ಬಿಕ್ಕುತ್ತಿದ್ದಳು. ಅವಳಿಂದಲೂ ಹಾಗೆಯೇ ಕರೆಸಿಕೊಳ್ಳುತ್ತಿದ್ದರೇನೋ... ಮನೆಯವರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಣ್ಣು ಒಣಗಿತ್ತು. ನಾನು ಅಳಬೇಕಾಗಿದ್ದನ್ನೂ ಆಕೆಯೇ ಅಳುತ್ತಿದ್ದಾಳೆ ಅನ್ನಿಸಿತು.

ಮನೆಗೆ ಬಂದಾಗ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಮುಂದ್ಕೆ ಬ್ಯಾರನ್ ಯಾರ್ ನೋಡ್ತಾರಂತೆ?”

“ಯಾರೂ ಇಲ್ಲ ಕಣವ್ವ. ಮಗ ಹೊಲನೆಲ್ಲ ಕೇರಳದೋರಿಗೆ ಶುಂಠಿಗೆ ಗುತ್ತಿಗೆ ಕೊಟ್ನಂತೆ. ಟಾರ್ಪಾಲೂ ಕಿತ್ತಾಕಿಸ್ತಾವ್ನೆ.”

ಅವ್ವನ ಕೈ ನಿಂತಿತು. ನಾನು ಆ ಹೆಂಗಸಿನ ವಿಷಯ ಹೇಳಿದೆ. ಮಗು, ಅಳು, ಎಲ್ಲ. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ಅವ್ವ ಅಂದಳು: “ಈಗ ಎಲ್ಲಿಗೋದಾಳಂತೆ ಅವ್ಳು?”

ನಾನು ಕೇಳಿಕೊಂಡು ಬಂದಿರಲಿಲ್ಲ.